ಹಿತ್ತಲಲ್ಲಿ ಸ್ವೀಟ್ ಕಾರ್ನ್: ಎಂಟಡಿ ಜಾಗ, ನಲವತ್ತು ತೆನೆ

ಮೊದಲ ಸಲ ನಾನು ಸ್ವೀಟ್ ಕಾರ್ನ್ ಹಾಕಿದ್ದು ಕಾಂಪೌಂಡ್ ಗೋಡೆ ಪಕ್ಕ. ಒಂದೇ ಸಾಲು, ಹದಿನಾಲ್ಕು ಗಿಡ. ಗೊಬ್ಬರಕ್ಕೆ ಕಡಿಮೆ ಮಾಡಿರಲಿಲ್ಲ, ನೀರು ತಪ್ಪಿಸಿರಲಿಲ್ಲ. ಗಿಡಗಳು ನನ್ನ ತಲೆ ಮೀರಿ ಬೆಳೆದವು. ತೆನೆ ಸುಲಿದು ನೋಡಿದರೆ ಅಲ್ಲೊಂದು ಕಾಳು, ಇಲ್ಲೊಂದು ಕಾಳು, ಹಲ್ಲುದುರಿದ ಅಜ್ಜಿ ನಕ್ಕ ಹಾಗೆ. ಹಿಂದಿನ ಹೊಲದ ಅಜ್ಜ ಬೇಲಿ ಆಚೆ ನಿಂತು ಕೇಳಿದರು: "ಇದೇನ್ರೀ, ಜೋಳ ಬಿತ್ತೀರೋ, ಬೇಲಿ ಹಚ್ಚೀರೋ?"

ಅವರು ತಮಾಷೆಗೆ ಹೇಳಿದ್ದರೂ ತಪ್ಪು ಇದ್ದದ್ದು ಅಲ್ಲೇ. ಟೊಮೆಟೊ ಗಿಡ ಒಂದೇ ಇದ್ದರೂ ಕಾಯಿ ಬಿಡುತ್ತದೆ, ಬದನೆಯೂ ಹಾಗೇ. ಜೋಳಕ್ಕೆ ಮಾತ್ರ ಸುತ್ತ ನಾಲ್ಕು ಜನ ಬೇಕು. ಒಂದರ ಹೂವಿನ ಪುಡಿ ಗಾಳಿಯಲ್ಲಿ ಹಾರಿ ಇನ್ನೊಂದರ ತೆನೆ ಮೇಲೆ ಬೀಳಬೇಕು. ಒಂದೇ ಸಾಲು ಹಾಕಿದರೆ ಪುಡಿ ಎಲ್ಲ ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಮನೆಯಲ್ಲಿ ಸ್ವೀಟ್ ಕಾರ್ನ್ ಬೆಳೆದು ಸೋತವರ ಕಥೆ ಕೇಳಿದಾಗಲೆಲ್ಲ ಹತ್ತರಲ್ಲಿ ಏಳೆಂಟು ಜನರದ್ದು ಇದೇ ತಪ್ಪು ಅಂತ ನನಗೆ ಅನ್ನಿಸಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸಲು ಇದನ್ನು ಬೆಳೆಯಬೇಡಿ. ಒಂದು ಗಿಡಕ್ಕೆ ಒಂದು ಒಳ್ಳೆಯ ತೆನೆ, ಹೆಚ್ಚೆಂದರೆ ಎರಡು, ಅಷ್ಟೇ ಸಿಗುವುದು. ಅಷ್ಟೇ ಜಾಗದಲ್ಲಿ ಹೀರೆ ಬಳ್ಳಿ ಹಬ್ಬಿಸಿದರೆ ಮನೆಗೆ ಜಾಸ್ತಿ ಲಾಭ. ಇದನ್ನು ಬೆಳೆಯುವುದು ರುಚಿಗೆ. ಕಿತ್ತ ಅರ್ಧ ಗಂಟೆಯೊಳಗೆ ಬೇಯಿಸಿದ ತೆನೆಯ ರುಚಿ ಅಂಗಡಿಯ ತೆನೆಗೆ ಬರುವುದೇ ಇಲ್ಲ. ಯಾಕೆ ಅಂತ ಕೊಯ್ಲಿನ ಭಾಗದಲ್ಲಿ ಹೇಳುತ್ತೇನೆ.

ಬೀಜ ಆರಿಸುವುದು

ಸ್ವೀಟ್ ಕಾರ್ನ್ ಬೇರೆ ಜಾತಿಯ ಗಿಡವೇನಲ್ಲ. ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ, ಹಾವೇರಿ-ಧಾರವಾಡದ ಕಡೆ ಗೋವಿನಜೋಳ, ಮೈಸೂರಿನ ಕಡೆ ಮುಸುಕಿನ ಜೋಳ ಅನ್ನುವುದೇ ಇದು. ಮಾಮೂಲಿ ಜೋಳದ ಕಾಳಿನಲ್ಲಿ ಸಕ್ಕರೆ ಬೇಗ ಪಿಷ್ಟವಾಗಿ ಬದಲಾಗುತ್ತದೆ. ಇದರಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹುಟ್ಟಿನಿಂದ ಬಂದ ಒಂದು ಸಣ್ಣ ವ್ಯತ್ಯಾಸ, ಅಷ್ಟೇ. ಹಾಗಾಗಿ ಹಸಿಯಿದ್ದಾಗ ಸಿಹಿ, ಒಣಗಿದಾಗ ಸುಕ್ಕು. ಪ್ಯಾಕೆಟ್ ಒಡೆದು ಬೀಜ ನೋಡಿದ ಕೆಲವರು ಹಳೇ ಮಾಲು ಕೊಟ್ಟಿದ್ದಾರೆ ಅಂತ ಅಂಗಡಿಯವರ ಮೇಲೆ ಜಗಳಕ್ಕೆ ಹೋಗುತ್ತಾರೆ. ಬೀಜ ಇರುವುದೇ ಹಾಗೆ. ಒಣದ್ರಾಕ್ಷಿ ತರಹ ಸುಕ್ಕುಗಟ್ಟಿ ಹಗುರಾಗಿರುತ್ತದೆ.

ಈ ಸುಕ್ಕಿನಿಂದ ಒಂದು ತೊಂದರೆಯೂ ಇದೆ. ಮೊಳಕೆಗೆ ಬೇಕಾದ ಬುತ್ತಿ ಬೀಜದೊಳಗೆ ಕಡಿಮೆ ಇರುತ್ತದೆ. ಅದರಲ್ಲೂ 'ಸೂಪರ್ ಸ್ವೀಟ್' ತಳಿಗಳಲ್ಲಿ ಇನ್ನೂ ಕಡಿಮೆ. ಅದಕ್ಕೇ ಇವಕ್ಕೆ ಬೆಚ್ಚಗಿನ ಮಣ್ಣು ಬೇಕು. ಆಳಕ್ಕೆ ಹಾಕಬಾರದು, ನೀರಲ್ಲಿ ನೆನೆಸಿಡಬಾರದು. ನೆನೆಸಿದರೆ ಒಮ್ಮೆಲೇ ನೀರು ಕುಡಿದು ಬೀಜ ಒಡೆದು ಕೊಳೆಯುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಶುಗರ್-75 ತರಹದ ಹೈಬ್ರಿಡ್‌ಗಳು. ತೆನೆ ಒಂದೇ ಅಳತೆಯಲ್ಲಿ ಬರುತ್ತವೆ, ಸಿಹಿಯೂ ಜಾಸ್ತಿ. ಹೈಬ್ರಿಡ್ ಬೀಜವನ್ನು ಮುಂದಿನ ಸಲಕ್ಕೆ ಎತ್ತಿಡುವುದು ವ್ಯರ್ಥ, ಮಕ್ಕಳು ಅಪ್ಪ-ಅಮ್ಮನ ಹಾಗೆ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಮಧುರಿ ಅಥವಾ ಪ್ರಿಯಾ ಅನ್ನುವ ಕಾಂಪೋಸಿಟ್ ತಳಿಗಳನ್ನು ಕೃಷಿ ವಿಶ್ವವಿದ್ಯಾಲಯದ ಬೀಜ ಮಾರಾಟದ ಕಡೆ ವಿಚಾರಿಸಿ. ಯಾವುದೇ ಆಗಲಿ, ಪ್ಯಾಕೆಟ್ ಮೇಲಿನ ತಾರೀಖು ನೋಡಿ ತನ್ನಿ. ಈ ಬೀಜ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಹೋದ ವರ್ಷದ್ದು ಅರ್ಧ ಹುಟ್ಟಿದರೆ ಪುಣ್ಯ.

ಬೀಜಕ್ಕೆ ಗುಲಾಬಿ ಅಥವಾ ಹಸಿರು ಬಣ್ಣ ಹಚ್ಚಿದ್ದರೆ ಅದು ಔಷಧಿ. ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳ ಕೈಗೆ, ಕೋಳಿಗಳ ಬಾಯಿಗೆ ಸಿಗದ ಹಾಗೆ ಇಡಿ.

ಯಾವಾಗ ಬಿತ್ತಬೇಕು

ನೀರಿದ್ದರೆ ನಮ್ಮಲ್ಲಿ ವರ್ಷವಿಡೀ ಬೆಳೆಯಬಹುದು ಅನ್ನುತ್ತಾರೆ. ಮಾತು ನಿಜ, ಆದರೆ ಎಲ್ಲ ತಿಂಗಳೂ ಒಂದೇ ಅಲ್ಲ. ಹೂ ಬಿಡುವ ವಾರ ಬಿಸಿಲು 38 ಡಿಗ್ರಿ ದಾಟಿದರೆ ಹೂವಿನ ಪುಡಿ ಸುಟ್ಟು ಸತ್ತುಹೋಗುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್-ಮೇನಲ್ಲಿ ಹೂ ಬರುವ ಹಾಗೆ ಬಿತ್ತಬಾರದು. ಮಲೆನಾಡು, ಕರಾವಳಿಯವರಿಗೆ ತಾಪತ್ರಯ ಉಲ್ಟಾ. ಜೂನ್-ಜುಲೈ ಮಳೆಗೆ ಬೀಜ ಕೊಳೆಯುತ್ತದೆ, ಪುಡಿ ತೊಳೆದುಹೋಗುತ್ತದೆ. ಅವರು ಅಕ್ಟೋಬರ್ ನಂತರ ಹಾಕುವುದು ಒಳ್ಳೆಯದು. ಬಯಲುಸೀಮೆಯಲ್ಲಿ ಜೂನ್, ಸೆಪ್ಟೆಂಬರ್ ಕೊನೆ, ಜನವರಿ ಕೊನೆ – ಈ ಮೂರೂ ಚೆನ್ನಾಗಿ ಬರುತ್ತವೆ. ಡಿಸೆಂಬರ್ ಚಳಿಯಲ್ಲಿ ಬಿತ್ತಿದರೆ ಮೊಳಕೆ ನಿಧಾನ, ಬೆಳೆಯೂ ಹತ್ತು ಹದಿನೈದು ದಿನ ಹಿಂದೆ ಬೀಳುತ್ತದೆ.

ನಾನು ಸೆಪ್ಟೆಂಬರ್ ಕೊನೆಗೇ ಅಂಟಿಕೊಂಡಿದ್ದೇನೆ. ಅದಕ್ಕೆ ಕಾರಣ ಹವಾಮಾನಕ್ಕಿಂತ ಅಜ್ಜನ ಹೊಲ. ನಮ್ಮ ಸುತ್ತಲೂ ಮಳೆಗಾಲದಲ್ಲಿ ಮೆಕ್ಕೆಜೋಳವೇ. ಆ ಪುಡಿ ನಮ್ಮ ತೆನೆ ಮೇಲೆ ಬಿದ್ದರೆ, ಬಿದ್ದ ಕಾಳು ಅದೇ ಬೆಳೆಯಲ್ಲೇ ಸಿಹಿ ಕಳೆದುಕೊಂಡು ಪಿಷ್ಟ ತುಂಬಿಕೊಳ್ಳುತ್ತದೆ. ಮುಂದಿನ ಪೀಳಿಗೆಗೆ ಕಾಯಬೇಕಾಗಿಲ್ಲ. ಎರಡನೇ ವರ್ಷ ನಾನು ಜೂನ್‌ನಲ್ಲಿ ಬಿತ್ತಿದ್ದೆ. ತೆನೆ ತುಂಬಿ ಬಂತು, ಕಾಳು ಸಾಲು ಸಾಲು, ನೋಡಲು ಬಲು ಚಂದ. ಬೇಯಿಸಿ ಕಚ್ಚಿದರೆ ಹಸುವಿಗೆ ಹಾಕುವ ಜೋಳ! ಅಜ್ಜನ ಹೊಲ, ನನ್ನ ಹಿತ್ತಲು ಒಂದೇ ವಾರ ಹೂ ಬಿಟ್ಟಿದ್ದವು.

ಇದಕ್ಕೆ ದಾರಿ ಎರಡು. ಹೊಲದ ಮೆಕ್ಕೆಜೋಳ 75-100 ಮೀಟರ್ ದೂರವಿರಬೇಕು, ಗಾಳಿ ಜೋರಿರುವ ಕಡೆ ಇನ್ನೂ ದೂರ. ಇಲ್ಲವೇ ಎರಡರ ಹೂ ಬಿಡುವ ಕಾಲದ ನಡುವೆ ಎರಡು ವಾರವಾದರೂ ಅಂತರ ಇರಬೇಕು. ದೂರ ನಮ್ಮ ಕೈಯಲ್ಲಿಲ್ಲ, ತಾರೀಖು ನಮ್ಮ ಕೈಯಲ್ಲಿದೆ. ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ನನ್ನದು ಹೂ ಬಿಡುವುದು ನವೆಂಬರ್ ಮಧ್ಯಕ್ಕೆ. ಅಷ್ಟರಲ್ಲಿ ಹೊಲದ ಜೋಳ ಒಣಗಿ, ಮುರಿದು, ಕಣ ಸೇರಿರುತ್ತದೆ. ಬೆಂಗಳೂರಿನ ಸೈಟುಗಳ ನಡುವೆ ಇರುವವರಿಗೆ ಈ ಚಿಂತೆಯೇ ಇಲ್ಲ.

ಜಾಗ ಮತ್ತು ಮಣ್ಣು

ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು. ಮಾವಿನ ಮರದ ನೆರಳಲ್ಲಿ ಗಿಡ ಬರುತ್ತದೆ, ತೆನೆ ಬರುವುದಿಲ್ಲ. ತರಕಾರಿ ಮಡಿಗಳ ಉತ್ತರಕ್ಕೆ ಹಾಕಿ. ಇದು ಆರಡಿ ಬೆಳೆದು ಪಕ್ಕದ ಮೆಣಸಿನಗಿಡಕ್ಕೆ ಬಿಸಿಲು ಬೀಳದ ಹಾಗೆ ಮಾಡುತ್ತದೆ.

ನನ್ನ ಅಳತೆ ಎಂಟಡಿಗೆ ಎಂಟಡಿಯ ಒಂದು ಚೌಕ. ಅದರಲ್ಲಿ ನಾಲ್ಕು ಸಾಲು, ಸಾಲಿನಿಂದ ಸಾಲಿಗೆ ಎರಡಡಿ. ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಂದರೆ 25 ಸೆಂಟಿಮೀಟರ್. ಒಟ್ಟು ನಲವತ್ತು ಗಿಡ. ಇದಕ್ಕಿಂತ ಚಿಕ್ಕದು ಬೇಕಿದ್ದರೂ ನಾಲ್ಕಕ್ಕೆ ನಾಲ್ಕು, ಹದಿನಾರು ಗಿಡಕ್ಕಿಂತ ಕೆಳಗೆ ಇಳಿಯಬೇಡಿ. ಉದ್ದಕ್ಕೆ ಎರಡು ಸಾಲು ಹಾಕುವ ಬದಲು ಗಿಡ್ಡವಾಗಿ ನಾಲ್ಕು ಸಾಲು ಹಾಕಿ.

ಜೋಳ ಬಕಾಸುರ. ಮಣ್ಣಲ್ಲಿ ಸಾರಜನಕ ಎಷ್ಟಿದ್ದರೂ ತಿನ್ನುತ್ತದೆ. ಬಿತ್ತನೆಗೆ ಎರಡು ವಾರ ಮುಂಚೆ ಒಂದಡಿ ಆಳ ಅಗೆದು ಹೆಂಟೆ ಒಡೆಯಿರಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಪುಟ್ಟಿ (ಸುಮಾರು 25 ಕೆ.ಜಿ.), ಬೇವಿನ ಹಿಂಡಿ ಒಂದು ಕೆ.ಜಿ. ಬೆರೆಸಿ. ಹಸಿ ಸಗಣಿ ಹಾಕಬೇಡಿ, ಗೊಣ್ಣೆ ಹುಳು ಬರುತ್ತದೆ. ರಾಸಾಯನಿಕ ಗೊಬ್ಬರಕ್ಕೆ ನಿಮ್ಮ ಆಕ್ಷೇಪ ಇಲ್ಲದಿದ್ದರೆ ಇದೇ ಚೌಕಕ್ಕೆ ಬಿತ್ತುವಾಗ 100 ಗ್ರಾಂ ಡಿಎಪಿ, 40 ಗ್ರಾಂ ಪೊಟ್ಯಾಷ್ ಸಾಕು. ಎರೆಮಣ್ಣಾದರೆ ನೀರು ನಿಲ್ಲದ ಹಾಗೆ ಬೋದು (ಉದ್ದನೆಯ ಮಣ್ಣಿನ ಏರು) ಎತ್ತಿ ಬೋದಿನ ಮಗ್ಗುಲಲ್ಲಿ ಬಿತ್ತಿ. ಕೆಂಪು ಮಣ್ಣಲ್ಲಿ ಸಮತಟ್ಟು ಮಡಿಯಾದರೂ ನಡೆಯುತ್ತದೆ. ಎಳೆ ಗಿಡದ ಬುಡದಲ್ಲಿ ಎರಡು ದಿನ ನೀರು ನಿಂತರೆ ಅದು ಹಳದಿಯಾಗಿ ಅಲ್ಲೇ ಕೂರುತ್ತದೆ.

ಬಿತ್ತುವುದು

ಹಿಂದಿನ ದಿನ ಮಡಿಗೆ ನೀರು ಹಾಯಿಸಿ. ಮಾರನೇ ದಿನ ಮಣ್ಣು ಹದಕ್ಕೆ ಬಂದಿರುತ್ತದೆ: ಹಿಡಿ ಮಾಡಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಒಂದಿಂಚು ಆಳದ ಗುಳಿ, ಗುಳಿಗೆ ಎರಡು ಬೀಜ, ಮೇಲೆ ಪುಡಿ ಮಣ್ಣು. ಬೆರಳಿನ ಮೊದಲ ಗೆಣ್ಣಿನ ಅಳತೆ ನೆನಪಿಟ್ಟರೆ ಸಾಕು. ಬಿತ್ತಿದ ಮೇಲೆ ಮೊಳಕೆ ಕಾಣುವವರೆಗೆ ತೇವ ಇರಲಿ, ಕೆಸರು ಬೇಡ. ಮಣ್ಣು ಬೆಚ್ಚಗಿದ್ದರೆ ಐದಾರು ದಿನಕ್ಕೆ ಸೂಜಿಯಂಥ ಹಸಿರು ಮೊಳಕೆ ಕಾಣುತ್ತದೆ.

ಈ ಐದಾರು ದಿನವೇ ಅಪಾಯ. ಇರುವೆ, ಇಲಿ, ಅಳಿಲು, ಮೈನಾ, ನಮ್ಮ ಕಡೆ ನವಿಲು. ನವಿಲು ಸಾಲು ಹಿಡಿದು ಬರುತ್ತದೆ, ಒಂದು ಗುಳಿಯನ್ನೂ ಬಿಡುವುದಿಲ್ಲ. ಮೊಳಕೆ ಬಂದ ಮೇಲೂ ಬುಡ ಹಿಡಿದು ಎಳೆದು, ಕೆಳಗಿನ ಬೀಜ ತಿಂದು, ಗಿಡ ಅಲ್ಲೇ ಬಿಸಾಕುತ್ತದೆ. ಹಳೇ ಬಲೆ, ಸೊಳ್ಳೆಪರದೆ, ಒಣ ತೆಂಗಿನಗರಿ – ಕೈಗೆ ಸಿಕ್ಕಿದ್ದನ್ನು ಮುಚ್ಚಿ. ಗಿಡ ನಾಲ್ಕೆಲೆಗೆ ಬಂದ ಮೇಲೆ ತೆಗೆಯಿರಿ.

ಹತ್ತು ಹನ್ನೆರಡು ದಿನಕ್ಕೆ ಗುಳಿಗೊಂದು ಗಟ್ಟಿ ಗಿಡ ಉಳಿಸಿ, ಇನ್ನೊಂದನ್ನು ಕತ್ತರಿಯಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಎದ್ದು ಬರುತ್ತದೆ. ಮನಸ್ಸು ಬರಲ್ಲ, ಗೊತ್ತು. ಎರಡೂ ಇರಲಿ ಅಂತ ಬಿಟ್ಟರೆ ಎರಡರ ತೆನೆಯೂ ಹೆಬ್ಬೆರಳಿನಷ್ಟೇ ಆಗುತ್ತದೆ. ಖಾಲಿ ಉಳಿದ ಗುಳಿಗೆ ತಕ್ಷಣ ಬೀಜ ಹಾಕಿ. ಎರಡು ವಾರ ದಾಟಿದ ಮೇಲೆ ಹಾಕಿದ್ದು ದೊಡ್ಡವರ ನೆರಳಲ್ಲಿ ಮೇಲೇಳುವುದೇ ಇಲ್ಲ.

ಸಾಲುಗಳ ನಡುವಿನ ಜಾಗ ಮೊದಲ ತಿಂಗಳು ಖಾಲಿ ಬಿದ್ದಿರುತ್ತದೆ. ಕೊತ್ತಂಬರಿ ಉದುರಿಸಿಬಿಡಿ. ಜೋಳ ನೆರಳು ಕಟ್ಟುವ ಹೊತ್ತಿಗೆ ಕಿತ್ತು ಸಾರಿಗೆ ಹಾಕಿರುತ್ತೀರಿ.

ಮೊಣಕಾಲೆತ್ತರದವರೆಗೆ

ಕಳೆ ತೆಗೆಯುವುದು ಮೊದಲ ಮೂವತ್ತು ದಿನದ ಕೆಲಸ. ಆಮೇಲೆ ಗಿಡವೇ ನೆರಳು ಮಾಡಿ ಕಳೆ ಅಡಗಿಸುತ್ತದೆ. ಬುಡದ ಹತ್ತಿರ ಆಳಕ್ಕೆ ಕಳೆಗುದ್ದಲಿ ಹಾಕಬೇಡಿ, ಬೇರು ಮೇಲೇ ಇರುತ್ತವೆ.

ಗಿಡ ಮೊಣಕಾಲೆತ್ತರ ಬಂದಾಗ, ಸುಮಾರು 25-30 ದಿನಕ್ಕೆ, ಮೊದಲ ಮೇಲುಗೊಬ್ಬರ. ನಮ್ಮ ಚೌಕಕ್ಕೆ 75 ಗ್ರಾಂ ಯೂರಿಯಾ, ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಉದುರಿಸಿ ಮಣ್ಣು ಮುಚ್ಚಿ, ನೀರು ಕೊಡಿ. ಎಲೆಯ ಸುಳಿಯೊಳಗೆ ಯೂರಿಯಾ ಕಾಳು ಬೀಳದಿರಲಿ, ಸುಟ್ಟುಬಿಡುತ್ತದೆ. ಸೂಲಂಗಿ (ನೆತ್ತಿಯ ಗಂಡು ಹೂ) ಇಣುಕುವ ಹೊತ್ತಿಗೆ ಇನ್ನೊಂದು 75 ಗ್ರಾಂ. ಸಾವಯವದವರು ಎರಡೂ ಸಲ ಎರೆಗೊಬ್ಬರ ಗಿಡಕ್ಕೆ ಎರಡೆರಡು ಹಿಡಿ ಕೊಟ್ಟು, ವಾರಕ್ಕೊಮ್ಮೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ನೀರು) ಹಾಕುತ್ತಾರೆ. ಹಾಗೂ ಬರುತ್ತದೆ, ಆದರೆ ಮಣ್ಣು ಮೊದಲೇ ಫಲವತ್ತಾಗಿರಬೇಕು. ಬಡ ಮಣ್ಣಲ್ಲಿ ಮೊದಲ ವರ್ಷವೇ ಬರೀ ಜೀವಾಮೃತ ನಂಬಿದರೆ ನಿರಾಸೆಯಾಗುತ್ತದೆ.

ಗಿಡ ಏನು ಕೇಳುತ್ತಿದೆ ಅಂತ ಎಲೆಯೇ ಹೇಳುತ್ತದೆ. ಕೆಳಗಿನ ಎಲೆ ತುದಿಯಿಂದ ನಡುದಿಂಡಿನ ಗುಂಟ ಹಳದಿಯಾದರೆ ಸಾರಜನಕ ಸಾಲುತ್ತಿಲ್ಲ. ಎಳೆ ಗಿಡ ನೇರಳೆಗೆ ತಿರುಗಿದರೆ ರಂಜಕ ಸಿಗುತ್ತಿಲ್ಲ. ಚಳಿಯಲ್ಲಿ ಇದು ಮಾಮೂಲು, ಬಿಸಿಲು ಬಂದರೆ ಸರಿಹೋಗುತ್ತದೆ. ಸುಳಿಯ ಹೊಸ ಎಲೆಯ ಬುಡದಲ್ಲಿ ಅಗಲ ಬಿಳಿ ಪಟ್ಟಿ ಬಂದರೆ ಸತುವಿನ ಕೊರತೆ. ಅಂಥ ಮಣ್ಣಿಗೆ ಮುಂದಿನ ಸಲ ಬಿತ್ತುವ ಮೊದಲು ಚೌಕಕ್ಕೆ 15 ಗ್ರಾಂ ಜಿಂಕ್ ಸಲ್ಫೇಟ್ ಹಾಕಿ, ಆದರೆ ಡಿಎಪಿ ಜೊತೆ ಬೆರೆಸಬೇಡಿ.

ಮೇಲುಗೊಬ್ಬರ ಕೊಟ್ಟ ದಿನವೇ ಬುಡಕ್ಕೆ ನಾಲ್ಕೈದು ಇಂಚು ಮಣ್ಣು ಏರಿಸಿ. ಕೆಳಗಿನ ಗಿಣ್ಣುಗಳಿಂದ ದಪ್ಪ ಬೇರು ಹೊರಟು ಮಣ್ಣಿಗೆ ಊರುತ್ತವೆ, ಡೇರೆಗೆ ಹಗ್ಗ ಕಟ್ಟಿದ ಹಾಗೆ. ಗಾಳಿ-ಮಳೆಗೆ ಗಿಡ ಬಿದ್ದರೂ ಗಾಬರಿಯಾಗಿ ಎಳೆದು ನಿಲ್ಲಿಸಬೇಡಿ. ಎಳೆಯದಾದರೆ ಎರಡು ಮೂರು ದಿನದಲ್ಲಿ ತಾನೇ ಬಾಗಿ ಮೇಲೇಳುತ್ತದೆ. ಬುಡದಲ್ಲಿ ಮರಿ ಹೊಡೆದರೆ ಕೀಳಬೇಕು ಅಂತ ಕೆಲವರು ಹೇಳುತ್ತಾರೆ. ನಾನು ಕಿತ್ತೂ ನೋಡಿದ್ದೇನೆ, ಬಿಟ್ಟೂ ನೋಡಿದ್ದೇನೆ, ತೆನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ಬಿಡಿ.

ನೀರಿನ ಲೆಕ್ಕ: ಮಳೆ ಇಲ್ಲದಿದ್ದರೆ ಈ ಚೌಕಕ್ಕೆ ವಾರಕ್ಕೆ ಸುಮಾರು 150 ಲೀಟರ್, ಅಂದರೆ ಹತ್ತು ಬಕೆಟ್. ಕೆಂಪು ಮಣ್ಣಾದರೆ ಮೂರು ದಿನಕ್ಕೊಮ್ಮೆ ಹಂಚಿ ಕೊಡಿ, ಎರೆಗೆ ವಾರಕ್ಕೊಮ್ಮೆ ಸಾಕು. ಸೂಲಂಗಿ ಬಂದಾಗಿನಿಂದ ಕಾಳು ಕಟ್ಟುವವರೆಗೆ ಇದರ ಒಂದೂವರೆ ಪಟ್ಟು. ಆ ಮೂರು ವಾರ ಊರಿಗೆ ಹೋಗುವ ಕೆಲಸ ಇಟ್ಟುಕೊಳ್ಳಬೇಡಿ.

ಸುಳಿಯೊಳಗಿನ ಹುಳು

2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಒಂದು ಹೊಸ ಹುಳು ಕಾಣಿಸಿತು. ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್, ಅಂದರೆ ಸೈನಿಕ ಹುಳು. ದೇಶದಲ್ಲಿ ಅದನ್ನು ಮೊದಲು ಗುರುತಿಸಿದ್ದೇ ಅಲ್ಲಿ. ಒಂದೆರಡು ವರ್ಷದಲ್ಲಿ ದೇಶವೆಲ್ಲ ಹಬ್ಬಿತು. ಈಗ ಜೋಳ ಹಾಕಿದವರ ಮನೆಗೆ ಅದು ಕರೆಯದೇ ಬರುವ ನೆಂಟ.

ಗುರುತು ಹೇಗೆ? ಹುಳುವಿನ ತಲೆ ಮೇಲೆ ತಲೆಕೆಳಗಾದ 'ವೈ' ಅಕ್ಷರದ ಬಿಳಿ ಗೆರೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಹುಳು ಕಾಣುವ ಮೊದಲೇ ಎಲೆ ಕಾಣುತ್ತದೆ. ಮೊದಲು ಎಲೆ ಮೇಲೆ ಕೆರೆದ ಹಾಗೆ ಪಾರದರ್ಶಕ ಕಲೆ, ಆಮೇಲೆ ಸಾಲಾಗಿ ತೂತು, ಕೊನೆಗೆ ಹರಿದ ಎಲೆ ಮತ್ತು ಸುಳಿ ತುಂಬ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ. ಆ ಹಿಕ್ಕೆ ಕಂಡರೆ ಹುಳು ಒಳಗೇ ಕೂತಿದೆ ಅಂತ ಅರ್ಥ. ಕಡ್ಡಿಯಲ್ಲಿ ಕೆದಕಿ ತೆಗೆಯಿರಿ. ಸುಳಿಯಲ್ಲಿ ದೊಡ್ಡ ಹುಳು ಸಾಮಾನ್ಯವಾಗಿ ಒಂದೇ ಇರುತ್ತದೆ, ಜೊತೆಗಿದ್ದವನ್ನು ಅದೇ ತಿಂದಿರುತ್ತದೆ.

ನಲವತ್ತು ಗಿಡಕ್ಕೆ ಕೈಯೇ ಒಳ್ಳೆಯ ಔಷಧಿ. ಮೊಳಕೆಯ ಎರಡನೇ ವಾರದಿಂದ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಒಂದು ಸುತ್ತು. ಎಲೆಯ ಅಡಿಯಲ್ಲಿ ಕಂದು ತುಪ್ಪಳ ಹೊದ್ದ ಮೊಟ್ಟೆ ಗುಂಪು ಸಿಕ್ಕರೆ ಉಜ್ಜಿಬಿಡಿ. ಒಂದು ಗುಂಪಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ. ಮೊದಲ ತಿಂಗಳು ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಒಂದು ಚಿಟಿಕೆ ಹಾಕಿ. ಹುಳುವಿನ ಮೃದು ಮೈಗೆ ಅದು ಒಗ್ಗುವುದಿಲ್ಲ. ಡಬ್ಬಿ ಮೇಲೆ 1500 ಪಿಪಿಎಂ ಅಂತ ಬರೆದಿರುವ ಬೇವಿನೆಣ್ಣೆ ಲೀಟರ್ ನೀರಿಗೆ 5 ಮಿ.ಲೀ. ಬೆರೆಸಿ ಸಂಜೆ ಹೊತ್ತು, ಸುಳಿಯೊಳಗೆ ಇಳಿಯುವ ಹಾಗೆ ಸಿಂಪಡಿಸಿದರೆ ಮರಿಹುಳುಗಳು ನಿಲ್ಲುತ್ತವೆ. ದೊಡ್ಡವಕ್ಕೆ ನಾಟುವುದಿಲ್ಲ. ಹೊಲಕ್ಕೆ ಹೊಡೆಯುವ ಕಡು ಔಷಧಿಗಳನ್ನು ನಾನು ಹಿತ್ತಲಿಗೆ ತರುವುದಿಲ್ಲ. ಹಸಿಯಾಗಿ ತಿನ್ನುವ ತೆನೆ ಇದು, ಮೊಮ್ಮಕ್ಕಳು ಗಿಡದಿಂದಲೇ ಕಿತ್ತು ಕಚ್ಚುತ್ತವೆ.

ಒಂದೆರಡು ಗಿಡದ ಎಲೆ ಬಿಳಿಚಿಕೊಂಡು, ಕಿರಿದಾಗಿ, ಕೇದಿಗೆ ಎಲೆಯ ಹಾಗೆ ನೆಟ್ಟಗೆ ನಿಂತರೆ ಅದು ಕೇದಿಗೆ ರೋಗ. ಅದಕ್ಕೆ ಮದ್ದು ಹುಡುಕಬೇಡಿ. ಬೇರು ಸಮೇತ ಕಿತ್ತು ದೂರ ಸುಡಿ.

ಸೂಲಂಗಿ, ರೇಷ್ಮೆ

ಇಲ್ಲಿಗೆ ಬಂದರೆ ಅಸಲಿ ಆಟ ಶುರು. ಸುಮಾರು 45-50 ದಿನಕ್ಕೆ ಗಿಡದ ನೆತ್ತಿಯಲ್ಲಿ ಸೂಲಂಗಿ ಬಿಚ್ಚಿಕೊಳ್ಳುತ್ತದೆ. ಅದು ಗಂಡು ಹೂ. ಎರಡು ಮೂರು ದಿನ ಕಳೆದು, ನಡುವಿನ ಎಲೆ ಸಂದಿಯ ಮುಸುಕಿನಿಂದ ತಿಳಿ ಹಸಿರು ಕೂದಲು ಇಣುಕುತ್ತದೆ. ಇದೇ ರೇಷ್ಮೆ, ಹೆಣ್ಣು ಹೂವಿನ ಭಾಗ.

ಒಂದು ಎಳೆ ಕೂದಲು ಹಿಡಿದು ನೋಡಿ. ಬೆರಳಿಗೆ ಅಂಟಂಟು, ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಅದರ ಇನ್ನೊಂದು ತುದಿ ಮುಸುಕಿನೊಳಗೆ ಒಂದೇ ಒಂದು ಕಾಳಿಗೆ ಹೋಗಿ ಸೇರುತ್ತದೆ. ತೆನೆಯಲ್ಲಿ ಐನೂರು ಕಾಳಿದ್ದರೆ ಐನೂರು ಕೂದಲು. ಒಂದೊಂದರ ಮೇಲೂ ಒಂದಾದರೂ ಪುಡಿಯ ಕಣ ಬೀಳಬೇಕು. ಬಿದ್ದ ಕಣದಿಂದ ಸಣ್ಣ ಕೊಳವೆ ಹೊರಟು, ಕೂದಲಿನುದ್ದಕ್ಕೂ ಇಳಿದು, ಸುಮಾರು ಒಂದು ದಿನದಲ್ಲಿ ಕಾಳು ಮುಟ್ಟುತ್ತದೆ. ಪುಡಿ ಸಿಗದ ಕೂದಲಿನ ಕಾಳು ಹಾಗೇ ಉಳಿಯುತ್ತದೆ. ನನ್ನ ಮೊದಲ ಬೆಳೆಯ ಅಜ್ಜಿ ನಗುವಿನ ಗುಟ್ಟು ಇಷ್ಟೇ. ತೆನೆಯ ಬುಡದ ಕೂದಲು ಮೊದಲು ಹೊರಬರುತ್ತವೆ, ತುದಿಯವು ಕೊನೆಗೆ. ಅಷ್ಟು ಹೊತ್ತಿಗೆ ಪುಡಿ ಮುಗಿದರೆ ತುದಿ ಬೋಳು.

ಗುಂಪಾಗಿ ಹಾಕಿದ್ದರೆ ಗಾಳಿಯೇ ಮುಕ್ಕಾಲು ಕೆಲಸ ಮಾಡುತ್ತದೆ. ಉಳಿದ ಕಾಲು ಭಾಗ ನೀವು ಮಾಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಎಂಟೂವರೆಯಿಂದ ಹತ್ತೂವರೆ ಒಳಗೆ, ಗಿಡದ ಕಾಂಡ ಹಿಡಿದು ಮೆಲ್ಲಗೆ ಅಲುಗಾಡಿಸಿ. ಹಳದಿ ಪುಡಿ ಹೊಗೆಯ ಹಾಗೆ ಉದುರುವುದು ಬಿಸಿಲಿಗೆ ಕಾಣುತ್ತದೆ. ಅಂಚಿನ ಗಿಡಗಳಿಗೆ ಇನ್ನೂ ಸ್ವಲ್ಪ ಉಪಚಾರ ಬೇಕು. ನಾಲ್ಕೈದು ಸೂಲಂಗಿಯನ್ನು ಪೇಪರ್ ಕವರಿನೊಳಗೆ ಬಗ್ಗಿಸಿ ತಟ್ಟಿ, ಸಿಕ್ಕ ಪುಡಿಯನ್ನು ಮೆತ್ತಗಿನ ಬ್ರಷ್‌ನಲ್ಲಿ ಕೂದಲಿಗೆ ಸವರಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಪುಡಿ ಗಂಟು ಕಟ್ಟುತ್ತದೆ. ದಿನ ಬಿಟ್ಟು ದಿನ, ಮೂರು ಸಲ ಮಾಡಿದರೆ ಸಾಕು. ಈ ವಾರ ಮೇಲಿನಿಂದ ಪೈಪ್ ಹಿಡಿದು ನೀರು ಸುರಿಯಬೇಡಿ, ಔಷಧಿಯನ್ನೂ ಸಿಂಪಡಿಸಬೇಡಿ.

ಕೆಲಸ ಆಯಿತೋ ಇಲ್ಲವೋ ನೋಡುವ ಒಂದು ಉಪಾಯವಿದೆ. ರೇಷ್ಮೆ ಬಂದು ಒಂದು ವಾರವಾದ ಮೇಲೆ ಒಂದು ತೆನೆ ಮುರಿದು, ಬ್ಲೇಡಿನಲ್ಲಿ ಮುಸುಕು ಸೀಳಿ, ಕೂದಲು ಕೀಳದೆ ಬಿಡಿಸಿ. ತಲೆಕೆಳಗೆ ಹಿಡಿದು ಅಲುಗಾಡಿಸಿ. ಪುಡಿ ಸಿಕ್ಕ ಕೂದಲು ತಾವೇ ಕಳಚಿ ಬೀಳುತ್ತವೆ, ಸಿಗದವು ಅಂಟಿಕೊಂಡೇ ಇರುತ್ತವೆ. ಒಂದು ತೆನೆ ಹಾಳಾಯಿತು ಅನ್ನಬೇಡಿ, ಈ ನೋಟಕ್ಕೆ ಅಷ್ಟು ಕೊಡಬಹುದು. ಕಾಳಿನ ಸಾಲು ಎಣಿಸಿ ನೋಡಿ: ಹದಿನಾಲ್ಕು, ಹದಿನಾರು, ಹದಿನೆಂಟು. ಯಾವಾಗಲೂ ಸರಿಸಂಖ್ಯೆ. ಹೂಗಳು ಜೋಡಿ ಜೋಡಿಯಾಗಿ ಹುಟ್ಟುವುದರಿಂದ ಹಾಗೆ.

ಗಿಡದ ಎರಡನೇ ತೆನೆ ಸಾಮಾನ್ಯವಾಗಿ ಸಣಕಲು. ಅದರ ರೇಷ್ಮೆ ಎರಡು ಬೆರಳು ಉದ್ದ ಬಂದಾಗಲೇ ಮುರಿದುಕೊಳ್ಳಿ. ಅದೇ ಬೇಬಿ ಕಾರ್ನ್, ಫ್ರೈಡ್ ರೈಸ್‌ಗೆ ಆಯಿತು.

ಕೊಯ್ಯುವ ದಿನ

ರೇಷ್ಮೆ ಕಂಡ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಲ್ಲಿಂದ 18ರಿಂದ 22 ದಿನ. ಚಳಿಗಾಲದಲ್ಲಿ ಮೂರು ನಾಲ್ಕು ದಿನ ಜಾಸ್ತಿ. ಬಿತ್ತನೆಯಿಂದ ಲೆಕ್ಕ ಹಾಕುವುದಾದರೆ 70-85 ದಿನ, ಆದರೆ ಆ ಲೆಕ್ಕ ಅಷ್ಟು ನಿಖರವಲ್ಲ.

ಹದಿನೇಳನೇ ದಿನದಿಂದ ದಿನಾ ನೋಡಬೇಕು. ಕೂದಲು ಕಂದಾಗಿ ಒಣಗಿರಬೇಕು, ಮುಸುಕು ಮಾತ್ರ ಹಸಿರಾಗೇ ಇರಬೇಕು. ತೆನೆಯ ತುದಿ ಮುಟ್ಟಿದರೆ ಚೂಪಾಗಿರದೆ ದುಂಡಗೆ, ತುಂಬಿದ ಹಾಗೆ ಅನ್ನಿಸಬೇಕು. ಕೊನೆಯ ಪರೀಕ್ಷೆ ಉಗುರಿನದು. ಮುಸುಕನ್ನು ಮೇಲಿನಿಂದ ಸ್ವಲ್ಪ ಸರಿಸಿ, ನಡುವಿನ ಒಂದು ಕಾಳು ಚುಚ್ಚಿ. ತಿಳಿ ನೀರು ಬಂದರೆ ಎರಡು ದಿನ ಬಿಡಿ. ಹಾಲಿನಂತೆ ಬಂದರೆ ಇವತ್ತೇ. ಹಿಟ್ಟಿನ ಹಾಗೆ ಬಂದರೆ ತಡವಾಯಿತು, ವಡೆಗೆ ರುಬ್ಬಿಕೊಳ್ಳಿ. ಸೂಪರ್ ಸ್ವೀಟ್ ತಳಿಯಲ್ಲಿ ಹಾಲು ಅಷ್ಟು ಗಟ್ಟಿ ಇರುವುದಿಲ್ಲ, ಕಾಳು ಉಬ್ಬಿ ಬಣ್ಣ ಕಟ್ಟಿದ್ದನ್ನು ನೋಡಿ, ಒಂದು ಬಾಯಿಗೆ ಹಾಕಿಕೊಂಡು ತೀರ್ಮಾನ ಮಾಡಿ. ಚುಚ್ಚಿದ ತೆನೆಯ ಮುಸುಕನ್ನು ಮತ್ತೆ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ, ಇಲ್ಲದಿದ್ದರೆ ಇರುವೆ ಸೇರುತ್ತವೆ. ಹದ ನಿಲ್ಲುವುದು ನಾಲ್ಕೈದು ದಿನ ಮಾತ್ರ. ಬಿಸಿಲು ಜಾಸ್ತಿಯಿದ್ದರೆ ಅಷ್ಟೂ ಇಲ್ಲ.

ಗಿಳಿ, ಅಳಿಲುಗಳಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಸರಿಯಾಗಿ ನಮಗಿಂತ ಒಂದು ದಿನ ಮುಂಚೆ ಬರುತ್ತವೆ. ರೇಷ್ಮೆ ಒಣಗಿದ ಕೂಡಲೇ ತೆನೆಗೊಂದು ಪೇಪರ್ ಕವರ್ ಅಥವಾ ಹಳೇ ಕಾಲುಚೀಲ ತೊಡಿಸಿ. ಹಸಿ ರೇಷ್ಮೆಗೆ ತೊಡಿಸಬೇಡಿ, ಪುಡಿ ಬೀಳಲ್ಲ. ಮಂಗ ಬರುವ ಊರಾದರೆ ನನ್ನ ಹತ್ತಿರ ಉಪಾಯವಿಲ್ಲ, ಮನೆಯಲ್ಲಿ ನಾಯಿ ಇದ್ದರೆ ಅದೇ ದಿಕ್ಕು.

ಬೆಳಿಗ್ಗೆ ತಂಪಿನಲ್ಲಿ ಕೀಳಿ. ಒಂದು ಕೈಯಲ್ಲಿ ಕಾಂಡ ಹಿಡಿದು, ಇನ್ನೊಂದರಲ್ಲಿ ತೆನೆಯನ್ನು ಕೆಳಕ್ಕೆ ಬಗ್ಗಿಸಿ ತಿರುಚಿದರೆ ಟಪ್ ಅಂತ ಬರುತ್ತದೆ. ಕಿತ್ತ ಕ್ಷಣದಿಂದ ಕಾಳಿನ ಸಕ್ಕರೆ ಪಿಷ್ಟವಾಗಲು ಶುರು. ಹಳೇ ಮಾದರಿಯ ಸಿಹಿ ಜೋಳ 30 ಡಿಗ್ರಿ ಸೆಕೆಯಲ್ಲಿ ಒಂದೇ ದಿನಕ್ಕೆ ಅರ್ಧದಷ್ಟು ಸಿಹಿ ಕಳೆದುಕೊಳ್ಳುತ್ತದೆ. ಸೂಪರ್ ಸ್ವೀಟ್ ಕೆಲವು ದಿನ ತಾಳುತ್ತದೆ, ಆದರೂ ಸೊಗಡು ಹೋಗುತ್ತದೆ. ಅಂಗಡಿಯ ತೆನೆ ಲಾರಿ ಹತ್ತಿ, ಮಂಡಿ ಸೇರಿ, ತಳ್ಳುಗಾಡಿಗೆ ಬರುವ ಹೊತ್ತಿಗೆ ಎಷ್ಟು ದಿನವಾಗಿರುತ್ತೋ ಯಾರು ಬಲ್ಲರು? ಹೆಚ್ಚಾದದ್ದನ್ನು ಮುಸುಕು ಸಮೇತ ಫ್ರಿಜ್‌ನಲ್ಲಿಡಿ. ತಿಂಗಳುಗಟ್ಟಲೆ ಬೇಕಿದ್ದರೆ ತೆನೆಯನ್ನು ಕುದಿಯುವ ನೀರಲ್ಲಿ ಐದು ನಿಮಿಷ ಬೇಯಿಸಿ, ಐಸ್ ನೀರಿಗೆ ಹಾಕಿ, ಕಾಳು ಬಿಡಿಸಿ ಫ್ರೀಜರ್‌ಗೆ ಹಾಕಿ.

ತಿನ್ನಲು ಐದು ನಿಮಿಷ ಬೇಯಿಸಿದರೆ ಸಾಕು. ಕುಕ್ಕರ್‌ನಲ್ಲಿ ನಾಲ್ಕು ಸೀಟಿ ಹೊಡೆಸುವುದು ಹೊಲದ ಜೋಳಕ್ಕೆ. ಕೆಂಡದಲ್ಲಿ ಸುಟ್ಟು ಉಪ್ಪು-ಖಾರ-ನಿಂಬೆ ಹಚ್ಚುವುದಕ್ಕೆ ಮಾತ್ರ ನನ್ನ ಓಟು ಇವತ್ತಿಗೂ ಅಜ್ಜನ ಹೊಲದ ಎಳೆ ಮೆಕ್ಕೆಜೋಳಕ್ಕೇ. ಸ್ವೀಟ್ ಕಾರ್ನ್ ಸುಟ್ಟರೆ ಹೊರಗೆ ಕರಕಲು, ಒಳಗೆ ನೀರು ನೀರು.

ಟೆರೇಸ್ ಮೇಲೆ

ಆಗುತ್ತದೆ. ಹದಿನೈದು ಇಂಚು ಅಗಲ, ಅಷ್ಟೇ ಆಳದ ಗ್ರೋ ಬ್ಯಾಗ್‌ಗೆ ಮೂರು ಗಿಡ. ಕನಿಷ್ಠ ಆರು ಬ್ಯಾಗ್, ಎರಡು ಸಾಲಾಗಿ ಒತ್ತಿಕೊಂಡು ಇರಲಿ. ಬ್ಯಾಗ್ ಬೇಗ ಒಣಗುತ್ತದೆ, ದಿನಾ ನೀರು ಬೇಕು, ಬೇಸಿಗೆಯಲ್ಲಿ ಎರಡು ಹೊತ್ತು. ಗಾಳಿಗೆ ಬೀಳದ ಹಾಗೆ ಸುತ್ತ ಹಗ್ಗ ಕಟ್ಟಿ. ಪುಡಿ ಸವರುವ ಕೆಲಸ ಇಲ್ಲಿ ತಪ್ಪಿಸುವ ಹಾಗೇ ಇಲ್ಲ. ತೆನೆ ನೆಲದಲ್ಲಿ ಬಂದಷ್ಟು ದಪ್ಪ ಬರದಿದ್ದರೆ ಬೇಜಾರಾಗಬೇಡಿ.

ಒಂದೇ ಸಲ ನಲವತ್ತು ತೆನೆ ಬಂದರೆ ಏನು ಮಾಡುವುದು ಅಂತ ಕೇಳುವವರಿಗೆ: ಎರಡು ಚೌಕ ಮಾಡಿ, ಎರಡು ವಾರ ಬಿಟ್ಟು ಎರಡನೆಯದು ಬಿತ್ತಿ. ಒಂದೇ ಚೌಕವನ್ನು ಅರ್ಧರ್ಧ ಬಿತ್ತಬೇಡಿ. ಅರ್ಧ ಹೂ ಬಿಟ್ಟಾಗ ಇನ್ನರ್ಧ ಮಲಗಿರುತ್ತದೆ, ಗುಂಪು ಇದ್ದೂ ಇಲ್ಲದ ಹಾಗೆ.

ತೆನೆ ಮುರಿದ ಮೇಲೂ ದಂಟು ಹಸಿರಾಗೇ ಇರುತ್ತದೆ, ದನಗಳಿಗೆ ಬಲು ಇಷ್ಟ. ನಾನು ಅವತ್ತೇ ಬುಡಕ್ಕೆ ಕೊಯ್ದು ಬೇಲಿ ಆಚೆ ಹಾಕುತ್ತೇನೆ. ಅಜ್ಜ ಹೊರೆ ಕಟ್ಟಿಕೊಂಡು ಹೋಗುತ್ತಾರೆ. ಸಂಜೆ ಒಂದು ಚೊಂಬು ಹಾಲು ಇತ್ತ ಬರುತ್ತದೆ.